ಸರ್ಕಾರಿ ಹುದ್ದೆಗೆ ಸೇರುವಾಗ ಸನ್ನದು, ಹಳೆಯ ಕೇಸುಗಳು

ಆರು ವರ್ಷ ವಕೀಲಿಕೆ ಮಾಡಿ ಈಗ ಕಂದಾಯ ಇಲಾಖೆಯ ಹುದ್ದೆಗೆ ಆಯ್ಕೆಯಾಗಿದ್ದೀರಿ, ಸನ್ನದು (ವಕೀಲರಾಗಿ ನೋಂದಣಿಯಾದ ಪತ್ರ) ಹಾಗೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಅಭಿನಂದನೆಗಳು ಸರ್. ಹಾಗೇ ಇಟ್ಟುಕೊಳ್ಳುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರಂತೆ ಪೂರ್ಣಾವಧಿ ಸಂಬಳದ ನೌಕರರು ವಕೀಲಿಕೆ ಮಾಡಬಾರದು. ಕೆಲಸಕ್ಕೆ ಹಾಜರಾಗುವ ಮೊದಲೇ ರಾಜ್ಯ ವಕೀಲರ ಪರಿಷತ್ತಿಗೆ ವಕೀಲಿಕೆ ನಿಲ್ಲಿಸುತ್ತಿರುವುದಾಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದು, ಮೂಲ ಸನ್ನದನ್ನೂ ಜೊತೆಗಿಟ್ಟು ಕಳಿಸಿ. ಅದಕ್ಕೆ ಮುಂಚೆ ಸನ್ನದಿನ ದೃಢೀಕೃತ ನಕಲು ತೆಗೆದಿಡಿ, ಅಂಚೆ ರಸೀದಿಯನ್ನೂ ಕಳೆಯಬೇಡಿ.

ಹೆಚ್ಚಿನವರು ಎಡವುವುದು ಹಳೆಯ ವಕಾಲತ್ತುಗಳಲ್ಲಿ, ಅಂದರೆ ಕಕ್ಷಿದಾರರು ನಿಮ್ಮನ್ನು ವಕೀಲರಾಗಿ ನೇಮಿಸಿದ ಪತ್ರಗಳಲ್ಲಿ. ಸಿವಿಲ್ ದಾವೆಯಲ್ಲಿ ವಕಾಲತ್ತು ತಾನಾಗಿ ಮುಗಿಯುವುದಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 3, ನಿಯಮ 4ರಂತೆ ಅದರಿಂದ ಹೊರಬರಲು ನ್ಯಾಯಾಲಯದ ಅನುಮತಿ ಬೇಕು. ಪ್ರತಿ ಕೇಸಿನಲ್ಲೂ ಕಕ್ಷಿದಾರರಿಗೆ ತಿಳಿಸಿ, ಕೇಸಿನಿಂದ ಹಿಂದೆ ಸರಿಯುವ ನಿವೃತ್ತಿ ಮೆಮೊ ಹಾಕಿ, ಫೈಲು ಮತ್ತು ಉಳಿದ ಫೀ ಹಿಂತಿರುಗಿಸಿ ಸಹಿ ಪಡೆಯಿರಿ. ಇಲ್ಲವಾದರೆ ಸರ್ಕಾರಿ ಕುರ್ಚಿಯಲ್ಲಿದ್ದಾಗಲೂ ಕಾಸ್ ಲಿಸ್ಟ್‌ನಲ್ಲಿ (ನ್ಯಾಯಾಲಯದ ದಿನದ ಕೇಸುಗಳ ಪಟ್ಟಿಯಲ್ಲಿ) ನಿಮ್ಮ ಹೆಸರು ಬರುತ್ತದೆ. ಇಲಾಖಾ ವಿಚಾರಣೆಗೆ ಅಷ್ಟೇ ಸಾಕು.

ಇನ್ನೊಂದು ವಿಷಯ: ಕಂದಾಯ ಹುದ್ದೆಯ ಸೇವೆ ವಕೀಲಿಕೆಯ ಅನುಭವವಾಗಿ ಎಣಿಕೆಯಾಗದು. ಸಹಾಯಕ ಸರ್ಕಾರಿ ಅಭಿಯೋಜಕರದು ಬೇರೆ. ನ್ಯಾಯಾಲಯದಲ್ಲಿ ವಾದಿಸುವ ಅವರ ಸೇವೆ ಎಣಿಕೆಗೆ ಬರುತ್ತದೆ. ಮುಂದೆ ರಾಜೀನಾಮೆ ಕೊಟ್ಟು ಮರಳುವುದಾದರೆ ಪರಿಷತ್ತಿನ ಕಾರ್ಯದರ್ಶಿಗೆ ಅರ್ಜಿಯೊಂದಿಗೆ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ ಸನ್ನದು ವಾಪಸ್ ಪಡೆಯಬೇಕು.