ಕಲಬುರಗಿಯ ಬಿಸಿಲಿನಲ್ಲಿ ಲೆಮನ್ ಬಾಮ್ ಬದುಕುತ್ತಾ? ಅದರ ಚಹಾ ಕುಡಿಸಿ ಅಮ್ಮನ ನಿದ್ದೆ ಮಾತ್ರೆ ಬಿಡಿಸಬಹುದಾ?

ನೆಲದಲ್ಲಿ ಹಚ್ಚಲಾ, ಕುಂಡದಲ್ಲಾ ಅಂತಲೂ ಕೇಳಿದ್ದೀರಿ. ನಾನೂ ನಮ್ಮ ಅವ್ವನ ನಿದ್ದೆಯ ಸಲುವಾಗಿಯೇ ಈ ಗಿಡಕ್ಕೆ ಕೈ ಹಾಕಿದವನು. ಮನೆ ಕಲಬುರಗಿಯಲ್ಲೇ.

ಬೀಜ ಆನ್‌ಲೈನ್‌ನಲ್ಲಿ ತರಿಸಿದೆ. ತೀರಾ ಸಣ್ಣ ಬೀಜ, ಮೊಳೆಯೋಕೆ ಬೆಳಕು ಬೇಕು. ಅದಕ್ಕೇ ಮೇಲೆ ಮಣ್ಣು ಮುಚ್ಚದೆ ಸುಮ್ನೆ ಉದುರಿಸಿದೆ. ದೀಪಾವಳಿ ಹೊತ್ತಿಗೆ ಹಾಕಿದ್ದು ಚಳಿ ಮುಗಿಯುವಷ್ಟರಲ್ಲಿ ಮಾಳಿಗೆ ಮೇಲೆ ಪೊದೆಯಾಗಿತ್ತು. ಪುದೀನದ ಬಳಗದ್ದೇ ಗಿಡ, ಎಲೆ ತಿಕ್ಕಿದರೆ ನಿಂಬೆ ಸಿಪ್ಪೆಯ ಘಮ. ಅವ್ವ ರಾತ್ರಿ ಊಟ ಆದಮೇಲೆ ಅದರ ಚಹಾ ಕುಡಿದು "ಹೊಟ್ಟಿ ಹಗುರ ಆಗ್ಯಾದ" ಅನ್ನುತ್ತಿದ್ದಳು.

ಆಮೇಲೆ ಮಾರ್ಚ್ ಬಂತು. ಬೀಜದ ಪೊಟ್ಟಣದ ಮೇಲೆ "ಪೂರ್ತಿ ಬಿಸಿಲು" ಅಂತಿತ್ತು, ಹಾಗಾಗಿ ಕುಂಡಗಳನ್ನು ಅಲ್ಲೇ ಬಿಟ್ಟೆ. ಮಧ್ಯಾಹ್ನ ಎಲೆ ಜೋತು ಬೀಳುತ್ತಿತ್ತು. ನೀರು ಸಾಲ್ತಿಲ್ಲ ಅಂದುಕೊಂಡು ಹಾಕಿದೆ. ಮರುದಿನ ಮತ್ತೆ ಜೋತಿತು, ಮತ್ತೆ ಹಾಕಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ. ಬಿಸಿಲು ಜಾಸ್ತಿ ಆದಾಗ ಎಲೆಯಿಂದ ನೀರು ಆವಿಯಾಗುವ ವೇಗಕ್ಕೆ ಬೇರು ಸಾಟಿಯಾಗೋದಿಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತದೆ, ಸಂಜೆ ತಂಪಿಗೆ ತಾನೇ ಎದ್ದು ನಿಲ್ಲುತ್ತದೆ. ಅದು ಬಾಯಾರಿಕೆ ಅಲ್ಲ. ಕುಂಡದಲ್ಲಿ ನಾನು ತುಂಬಿದ್ದು ಹೊಲದಿಂದ ತಂದ ಎರೆಮಣ್ಣು. ತೊಗರಿ, ಜೋಳಕ್ಕೆ ಅದು ಬಂಗಾರ. ಕುಂಡದಲ್ಲಿ ಮಾತ್ರ ನೀರು ಹಿಡಿದಿಟ್ಟುಕೊಂಡು ಬೇರಿಗೆ ಗಾಳಿ ಸಿಗದ ಹಾಗೆ ಮಾಡುತ್ತದೆ. ಬೇರು ಕೊಳೆಯಿತು. ಕೊಳೆತ ಬೇರು ನೀರು ಎಳೆಯೋದಿಲ್ಲ, ಹಾಗಾಗಿ ಎಲೆ ಇನ್ನಷ್ಟು ಬಾಡಿತು. ನಾನು ಇನ್ನಷ್ಟು ನೀರು ಸುರಿದೆ.

ನರ್ಸರಿ ಕಾಕಾ ಒಂದು ಗಿಡ ಕಿತ್ತು ಕರ್ರಗಾದ ಬೇರು ತೋರಿಸಿದರು. "ತಮ್ಮಾ, ಇದು ನೀರಡಿಸಿ ಸತ್ತಿಲ್ಲ, ನೀರು ಕುಡದು ಸತ್ತದ." ಒಂದು ಕಡ್ಡಿಯನ್ನೂ ಬೇರೆ ಕಡೆ ಹಚ್ಚಿರಲಿಲ್ಲ. ಮತ್ತೆ ಚಳಿಗಾಲ ಬರುವ ತನಕ ಅವ್ವನಿಗೆ ಒಂದು ಎಲೆಯೂ ಸಿಗಲಿಲ್ಲ.

ಹಾಗಾಗಿ ನೆಲವೋ ಕುಂಡವೋ ಅನ್ನೋದು ದೊಡ್ಡ ಪ್ರಶ್ನೆಯೇ ಅಲ್ಲ. ನೆರಳು ಎಲ್ಲಿದೆ ನೋಡಿ. ಇದು ಮೆಡಿಟರೇನಿಯನ್ ಸೀಮೆ, ಪಶ್ಚಿಮ ಏಷ್ಯಾದ ಗಿಡ. ಅಲ್ಲಿಗೆ ಬರೆದ "ಪೂರ್ತಿ ಬಿಸಿಲು" 42 ಡಿಗ್ರಿ ದಾಟುವ ನಮ್ಮೂರಿಗೆ ಅಲ್ಲ. ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆ ಸಾಕು. ಕುಂಡ ಮಣ್ಣಿನದೇ ಇರಲಿ, ಬೇಸಿಗೆಯಲ್ಲಿ ಎತ್ತಿ ಒಳಗಿಡಬಹುದು. ಮಸಾರಿ ಮಣ್ಣಿಗೆ, ಅಂದ್ರೆ ಕೆಂಪು ಮಣ್ಣಿಗೆ, ಉಸುಕು, ಹಳೆಯ ತಿಪ್ಪೆ ಗೊಬ್ಬರ ಬೆರೆಸಿ. ಬೆರಳು ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಬೀದರ್ ಎತ್ತರದಲ್ಲಿದೆ, ಕೆಂಪು ಮಣ್ಣೂ ಇದೆ, ಅಲ್ಲಿನವರಿಗೆ ಇದು ಸ್ವಲ್ಪ ಸುಲಭ. ಫೆಬ್ರುವರಿಯಲ್ಲೇ ನಾಲ್ಕು ಕಡ್ಡಿ ನೀರಿನ ಗ್ಲಾಸಿನಲ್ಲಿ ಇಡಿ, ಬೇರು ಬಿಡುತ್ತವೆ. ಹೂ ಬರುವ ಮೊದಲೇ ಎಲೆ ಕೊಯ್ಯಿರಿ.

ಚಹಾದ ಹಾಗೆ ಕುದಿಸಬೇಡಿ, ಘಮ ಹಾರಿಹೋಗುತ್ತದೆ. ಕುದ್ದ ನೀರನ್ನು ಎಲೆ ಮೇಲೆ ಹಾಕಿ ಹತ್ತು ನಿಮಿಷ ತಟ್ಟೆ ಮುಚ್ಚಿಡಿ. ಯುರೋಪಿನ ಔಷಧ ಸಂಸ್ಥೆ ಹೇಳುವ ಅಳತೆ 150 ಮಿಲಿ ನೀರಿಗೆ 1.5ರಿಂದ 4.5 ಗ್ರಾಂ ಒಣ ಎಲೆ. ನೆರಳಲ್ಲೇ ಒಣಗಿಸಿ.

ಇನ್ನು ಮಾತ್ರೆ. ಬಿಡಿಸಬೇಡಿ. ಆ ಸಂಸ್ಥೆ ಕೂಡ ಇದನ್ನು ಒಪ್ಪಿರೋದು ಸಣ್ಣ ಪುಟ್ಟ ಮನಸ್ಸಿನ ಒತ್ತಡ, ನಿದ್ದೆ, ಹೊಟ್ಟೆಯುಬ್ಬರಕ್ಕೆ, ಅದೂ ಬಹಳ ಕಾಲದಿಂದ ಬಳಕೆಯಲ್ಲಿದೆ ಅನ್ನೋ ಆಧಾರದ ಮೇಲೆ. ವರ್ಷಗಟ್ಟಲೆ ತಗೊಂಡ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ ಇದೆ. ಅದರ ಜೊತೆಗೇ ಈ ಚಹಾ ಕುಡಿದರೆ ಮಂಪರು ಜಾಸ್ತಿ ಆಗಬಹುದು. ವಯಸ್ಸಾದವರು ರಾತ್ರಿ ಎದ್ದು ಫರ್ಸಿ ಮೇಲೆ ಜಾರಿ ಬಿದ್ದರೆ ಏನು ಗತಿ? ಥೈರಾಯ್ಡ್ ಮಾತ್ರೆ ಇದ್ದರಂತೂ ಡಾಕ್ಟರನ್ನು ಕೇಳದೆ ಒಂದು ಕಪ್ಪೂ ಬೇಡ.

ನಮ್ಮ ಅವ್ವನಿಗೆ ಮಾತ್ರೆ ಕಡಿಮೆ ಮಾಡಿದ್ದು ಡಾಕ್ಟರು, ನಿಧಾನವಾಗಿ, ತಿಂಗಳುಗಟ್ಟಲೆ. ಎಲೆ ಅಲ್ಲ. ಅಮ್ಮನ ಔಷಧಿ ಚೀಟಿಯ ಹಿಂದೆ ಈ ಗಿಡದ ಶಾಸ್ತ್ರೀಯ ಹೆಸರು "ಮೆಲಿಸ್ಸಾ ಅಫಿಸಿನಾಲಿಸ್" ಅಂತ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬೀಜವನ್ನು ಚಳಿ ಶುರುವಾದ ಮೇಲೆ ಹಾಕಿದರಾಯಿತು, ಅವಸರ ಏನಿಲ್ಲ.