ನೆದರ್ಲ್ಯಾಂಡ್ಸ್‌ನಲ್ಲಿ ಮನೆಯಲ್ಲೇ ಸೈಕಲ್ ರಿಪೇರಿ: ಸೋವಿಯಾದ ಸ್ಟ್ಯಾಂಡ್ ಯಾವುದು ತಗೋಬೇಕು?

ನೀವು ಬರೆದದ್ದು ಓದಿದೆ. ಐಂಡ್‌ಹೋವನ್‌ಗೆ ಬಂದು ಮನೆ ಹೂಡಿದ್ದೂ ಆಯ್ತು, ಗಂಡ ಹೆಂಡತಿಗೆ ಒಂದೊಂದು ಹಳೇ ಸೈಕಲ್, ಮಗಳಿಗೊಂದು ಸಣ್ಣದು ತಗೊಂಡಿದ್ದೂ ಆಯ್ತು. ಮೊನ್ನೆ ಒಂದು ಪಂಚರ್‌ಗೆ ಅಂಗಡಿಯಲ್ಲಿ 15 ಯೂರೋ ಕೊಟ್ಟು ಬಂದಿದ್ದೀರಿ. ಅದನ್ನ ರೂಪಾಯಿಗೆ ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡಿದ್ದೀರಿ. ಇನ್ನು ಮುಂದೆ ರಿಪೇರಿ ಎಲ್ಲ ಮನೆಯಲ್ಲೇ, ಅದಕ್ಕೆ ಸೈಕಲ್ ಅನ್ನು ಎತ್ತಿ ಹಿಡಿಯುವ ಕಡಿಮೆ ಬೆಲೆಯ ರಿಪೇರಿ ಸ್ಟ್ಯಾಂಡ್ ಯಾವುದು ಅಂತ ಕೇಳಿದ್ದೀರಿ.

ರೂಪಾಯಿ ಲೆಕ್ಕ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ತಾನಾಗಿ ಬಿಟ್ಟುಹೋಗುತ್ತೆ, ಅದರ ಬಗ್ಗೆ ಚಿಂತೆ ಬೇಡ. ಆದರೆ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಇಲ್ಲಿ ಸಾಮಾನಿಗಿಂತ ಕೂಲಿ ಜಾಸ್ತಿ. ಒಂದು ಟ್ಯೂಬ್ ಐದಾರು ಯೂರೋಗೆ ಸಿಗುತ್ತದೆ. ಹಿಂದಿನ ಟೈರ್ ಬದಲಾಯಿಸಿಕೊಡಿ ಅಂದರೆ ಬಿಲ್ಲು 50 ಯೂರೋ ಹತ್ತಿರ ಹೋಗುತ್ತದೆ. ಮುಂದಿನ ಟೈರ್ ನೀಲಿ ಬಣ್ಣದ್ದಿರುವ ಸೈಕಲ್‌ಗಳನ್ನ ಊರಲ್ಲೆಲ್ಲ ನೋಡಿರುತ್ತೀರಿ, ಅಲ್ವಾ? ಅವು ಸ್ವಾಪ್‌ಫೀಟ್ಸ್‌ನವರ ಬಾಡಿಗೆ ಸೈಕಲ್. 2014ರಲ್ಲಿ ಡೆಲ್ಫ್ಟ್‌ನಲ್ಲಿ ಶುರುವಾದ ಕಂಪನಿ. ತಿಂಗಳ ಬಾಡಿಗೆಯಲ್ಲೇ ರಿಪೇರಿಯೂ ಸೇರಿರುತ್ತದೆ. ಅದನ್ನ ತಗೊಂಡವರಿಗೆ ಸ್ಟ್ಯಾಂಡ್ ಮಾತೇ ಬೇಡ. ನಿಮ್ಮದು ಸ್ವಂತದ್ದು, ಹಾಗಾಗಿ ಮುಂದೆ ಓದಿ.

ಮೊದಲು ಒಂದು ವಿಷಯ. ಪಂಚರ್‌ಗೆ ಸ್ಟ್ಯಾಂಡ್ ಬೇಕಾಗಿಲ್ಲ. ಊರಲ್ಲಿ ಪಂಚರ್ ಅಂಗಡಿಯವನು ಏನು ಮಾಡುತ್ತಿದ್ದ ನೆನಪಿಸಿಕೊಳ್ಳಿ. ಚಕ್ರ ಬಿಚ್ಚುತ್ತಿರಲಿಲ್ಲ. ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ಬೋಗುಣಿ ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ನೋಡಿ, ಅಲ್ಲೇ ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕುತ್ತಿದ್ದ. ಡಚ್ಚರೂ ಮಾಡುವುದು ಅದನ್ನೇ. ಇಲ್ಲಿನ ಸಾದಾ ಸೈಕಲ್‌ನ ವಾಲ್ವ್ ಕೂಡ ನಮ್ಮೂರಿನ ಸೈಕಲ್‌ನಲ್ಲಿ ಇರುವ ಥರದ್ದೇ. ಸ್ಪೋರ್ಟ್ಸ್ ಸೈಕಲ್‌ನ ತೆಳು ವಾಲ್ವ್ ಅಲ್ಲ. ಪಂಚರ್ ಡಬ್ಬಿ ಇಲ್ಲಿನ ಅಂಗಡಿಗಳಾದ ಹೇಮಾದಲ್ಲಿ, ಆ್ಯಕ್ಷನ್‌ನಲ್ಲಿ ಎಲ್ಲ ಕಡೆ ಸಿಗುತ್ತದೆ. ಸಲ್ಯೂಷನ್ ಹಚ್ಚಿದ ಮೇಲೆ ಅದು ಒಣಗುವ ತನಕ ಸುಮ್ನೆ ಇರಿ. ಹಸಿ ಇದ್ದಾಗಲೇ ಪ್ಯಾಚ್ ಒತ್ತಿದರೆ ಕೂರುವುದಿಲ್ಲ. ಸೈಕಲ್ ತನ್ನ ಸ್ಟ್ಯಾಂಡ್ ಮೇಲೇ ನಿಂತಿರಲಿ, ಸಾಕು.

ನಿಮ್ಮ ಮನೆಯವರ ಸೈಕಲ್‌ಗೆ ಎರಡು ಕಾಲಿನ ಸ್ಟ್ಯಾಂಡ್ ಇದೆಯಾ ನೋಡಿ. ಮಕ್ಕಳ ಸೀಟು ಕೂರಿಸುವ ಸೈಕಲ್‌ಗಳಲ್ಲಿ ಅದು ಸಾಮಾನ್ಯ. ಅದನ್ನ ಹಾಕಿದಾಗ ಒಂದು ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಎದ್ದದ್ದು ಹಿಂದಿನ ಚಕ್ರವಾದರೆ ಅರ್ಧ ರಿಪೇರಿ ಸ್ಟ್ಯಾಂಡ್ ಮನೆಗೆ ಬಂದ ಹಾಗೆಯೇ. ಮಗಳ ಸೈಕಲ್‌ಗಂತೂ ಏನೂ ಬೇಡ. ಹಳೇ ಮೇಜಿನ ಮೇಲೆ ಎತ್ತಿಟ್ಟುಕೊಂಡರೆ ಆಯ್ತು.

ಹಾಗಾದರೆ ಸ್ಟ್ಯಾಂಡ್ ಯಾವಾಗ ಬೇಕು? ಚೈನ್ ತೊಳೆದು ಎಣ್ಣೆ ಬಿಡುವಾಗ. ಬ್ರೇಕ್ ಎಲ್ಲಿ ಉಜ್ಜುತ್ತಿದೆ ಅಂತ ಹುಡುಕುವಾಗ. ಚಕ್ರದ ಬೆಂಡ್ ತೆಗೆಯುವಾಗ. ಚಕ್ರ ಬಿಚ್ಚಿ ಟೈರ್ ಬದಲಾಯಿಸುವಾಗ. ಪೆಡಲ್ ತಿರುಗಿಸುತ್ತಾ ಗೇರ್ ಸರಿ ಮಾಡುವಾಗ. ಸೈಕಲ್ ಅನ್ನು ತಲೆಕೆಳಗು ಮಾಡಿ ಇಡುವವರೂ ಇದ್ದಾರೆ. ಸಾದಾ ಸೈಕಲ್‌ಗೆ ಅದು ನಡೆಯುತ್ತೆ, ಕೆಳಗೊಂದು ಹಳೇ ಕಂಬಳಿ ಹಾಸಿಕೊಳ್ಳಿ. ಆದರೆ ಬೆಲ್ಲು, ಲೈಟು, ಫೋನ್ ಹೋಲ್ಡರ್ ಮುರಿಯುವ ಭಯ ಇದ್ದೇ ಇದೆ. ಎಣ್ಣೆಯ ಹೈಡ್ರಾಲಿಕ್ ಬ್ರೇಕ್ ಇರುವ ಸೈಕಲ್ ಆದರೆ ತುಂಬಾ ಹೊತ್ತು ಹಾಗೆ ಇಡಬೇಡಿ. ಒಳಗಿನ ಗಾಳಿ ಪೈಪಿಗೆ ಸೇರಿದರೆ ಬ್ರೇಕ್ ಮೆತ್ತಗಾಗುತ್ತದೆ.

ಈಗ ನಿಜವಾದ ಪೇಚಾಟಕ್ಕೆ ಬರೋಣ. ಯೂಟ್ಯೂಬ್‌ನಲ್ಲಿ ಸ್ಟ್ಯಾಂಡ್ ಬಗ್ಗೆ ಹೇಳುವವರೆಲ್ಲ 8-10 ಕೆ.ಜಿ.ಯ ರೇಸ್ ಸೈಕಲ್ ಇಟ್ಟುಕೊಂಡು ಹೇಳುತ್ತಾರೆ. ನಮ್ಮ ನಿಮ್ಮ ಹತ್ತಿರ ಇರುವುದು ಡಚ್ ಸೈಕಲ್. ಉಕ್ಕಿನ ಫ್ರೇಮು, ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಪೂರ್ತಿ ಮುಚ್ಚುವ ಕವರ್, ಹಿಂದಿನ ಚಕ್ರಕ್ಕೆ ಕೂತಿರುವ ಬೀಗ, ಇದೆಲ್ಲ ಸೇರಿ 20 ಕೆ.ಜಿ. ಆಸುಪಾಸು ತೂಗುತ್ತದೆ. ಮೇಲಾಗಿ ಬಹಳಷ್ಟು ಲೇಡೀಸ್ ಸೈಕಲ್ ಥರದವು, ನಡುವೆ ಅಡ್ಡ ಬಾರ್ ಇರುವುದಿಲ್ಲ. ಗಂಡಸರೂ ಅದನ್ನೇ ಓಡಿಸುತ್ತಾರೆ, ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸ್ಟ್ಯಾಂಡ್ ಆರಿಸುವಾಗ ನೋಡಬೇಕಾದ್ದು ಎರಡೇ. ಇಷ್ಟು ಭಾರ ತಡೆಯುತ್ತಾ? ಬಾರ್ ಇಲ್ಲದ ಸೈಕಲ್ ಅನ್ನು ಎಲ್ಲಿ ಹಿಡಿಯುತ್ತೆ? ಮಿಕ್ಕ ಗುಣಗಳೆಲ್ಲ ಆಮೇಲಿನ ಮಾತು.

ಈ ಲೆಕ್ಕದಲ್ಲಿ ಮುಂದಿನ ಚಕ್ರ ಬಿಚ್ಚಿ ಫೋರ್ಕ್ ಸಿಕ್ಕಿಸುವ, ಪೆಡಲ್ ಬುಡದಲ್ಲಿ ಆನಿಸುವ ರೇಸ್ ಸ್ಟ್ಯಾಂಡ್ ನಮಗೆ ಉಪಯೋಗವಿಲ್ಲ. ಇಲ್ಲಿ ಚಕ್ರ ನಟ್ಟಿನದ್ದು, ಪೆಡಲ್ ಬುಡವನ್ನ ಚೈನ್ ಕವರ್ ಮುಚ್ಚಿಕೊಂಡಿರುತ್ತದೆ. ಗೋಡೆಗೆ ಹೊಡೆಯುವ ಸ್ಟ್ಯಾಂಡ್ ಗಟ್ಟಿ ನಿಜ. ಆದರೆ ನೀವಿರುವುದು ಬಾಡಿಗೆ ಮನೆ. ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ ತಂದು ತೂತು ಮಾಡಿ, ಬಿಡುವಾಗ ಮತ್ತೆ ತುಂಬಿಸಿಕೊಡುವ ಗೋಳು ಯಾಕೆ?

ಉಳಿದದ್ದು ಎರಡು ಬಗೆ. ಒಂದು, ನೆಲದ ಮೇಲಿಟ್ಟು ಹಿಂದಿನ ಚಕ್ರವನ್ನ ಮಾತ್ರ ಎತ್ತಿ ಹಿಡಿಯುವ ಕೊಕ್ಕೆ ಸ್ಟ್ಯಾಂಡ್. 15-20 ಯೂರೋಗೆ ಹೊಸದೇ ಸಿಗುತ್ತದೆ. ಹಿಂದಿನ ಎರಡು ಪೈಪುಗಳಿಗೆ ಕೊಕ್ಕೆ ಸಿಕ್ಕಿಸಿದರೆ ಚಕ್ರ ನೆಲ ಬಿಟ್ಟು ತಿರುಗುತ್ತದೆ. ಭಾರ ಎತ್ತುವ ಕೆಲಸವೇ ಇಲ್ಲ. ಬಗ್ಗಿ ಕೂತು ಕೆಲಸ ಮಾಡಬೇಕು ಅನ್ನುವುದೊಂದೇ ತೊಂದರೆ. ಒಂದು ಗಿಡ್ಡ ಸ್ಟೂಲ್ ಇಟ್ಟುಕೊಂಡರೆ ಅದೂ ಇಲ್ಲ. ಆದರೆ ತಗೊಳ್ಳುವ ಮುಂಚೆ ನಿಮ್ಮ ಸೈಕಲ್‌ನ ಹಿಂದಿನ ಪೈಪು ನೋಡಿ. ಬಲಗಡೆ ಚೈನ್ ಕವರ್ ಅಡ್ಡ ಬಂದು ಕೊಕ್ಕೆ ಕೂರದೇ ಇರಬಹುದು. ಕೊಕ್ಕೆಗಳನ್ನ ಆಚೀಚೆ, ಮೇಲೆ ಕೆಳಗೆ ಸರಿಸಲು ಬರುವಂಥದ್ದೇ ಆರಿಸಿ.

ಇನ್ನೊಂದು, ಮೂರು ಅಥವಾ ನಾಲ್ಕು ಕಾಲಿನ ಎತ್ತರದ ಸ್ಟ್ಯಾಂಡ್. ಮೇಲೊಂದು ಹಿಡಿಕೆ ಇರುತ್ತದೆ, ಅದು ಸೈಕಲ್ ಅನ್ನು ಕಚ್ಚಿ ಹಿಡಿಯುತ್ತದೆ. ನೀವು ಕೇಳುತ್ತಿರುವುದು ಇದನ್ನೇ ಅನ್ನಿಸುತ್ತದೆ. ವಸಂತ ಬಂದ ಕೂಡಲೇ ಲಿಡಲ್‌ನಂಥ ಅಂಗಡಿಗಳಲ್ಲಿ ಸೈಕಲ್ ಸಾಮಾನು ಬರುತ್ತದೆ, ಆಗ ಇದೂ 30-40 ಯೂರೋಗೆ ಸಿಗುವುದುಂಟು. ಆನ್‌ಲೈನ್‌ನಲ್ಲಿ 40ರಿಂದ 80ರ ತನಕ ಬೇಕಾದಷ್ಟಿವೆ. ಅಂಗಡಿಯವರು ಬಳಸುವ ಪಾರ್ಕ್ ಟೂಲ್‌ನಂಥ ನೀಲಿ ಸ್ಟ್ಯಾಂಡ್‌ಗಳಿಗೆ 200 ಯೂರೋ ದಾಟುತ್ತದೆ. 100 ಯೂರೋ ಸೈಕಲ್‌ಗೆ ಅದು ಮೂಗಿಗಿಂತ ಮೂಗುತಿ ಭಾರ.

ಪೆಟ್ಟಿಗೆ ಮೇಲೆ 30 ಕೆ.ಜಿ. ಅಂತ ಬರೆದಿರುತ್ತಾರೆ. 25ಕ್ಕಿಂತ ಕಡಿಮೆ ಬರೆದಿದ್ದರೆ ಮುಟ್ಟಬೇಡಿ. 30 ಅಂತಿದ್ದರೂ ಕಾಸಿಗೆ ತಕ್ಕ ಕಜ್ಜಾಯ ಅಂತಲೇ ಇಟ್ಟುಕೊಳ್ಳಿ. ಸುಮ್ಮನೆ ತೂಗುಹಾಕಿದ 20 ಕೆ.ಜಿ. ಬೇರೆ, ಬಿಗಿಯಾದ ನಟ್ಟಿಗೆ ನೀವು ಜೋರಾಗಿ ಸ್ಪ್ಯಾನರ್ ಹಾಕಿದಾಗ ಬೀಳುವ ಭಾರ ಬೇರೆ. ಹಾಗಾಗಿ ಪೆಡಲ್, ಚಕ್ರದ ನಟ್ಟು ಇಂಥ ಬಿಗಿ ಕೆಲಸವನ್ನ ಸೈಕಲ್ ನೆಲದ ಮೇಲಿದ್ದಾಗಲೇ ಸಡಿಲ ಮಾಡಿಕೊಂಡು, ಆಮೇಲೆ ಸ್ಟ್ಯಾಂಡ್‌ಗೆ ಏರಿಸಿ. ಮುಂದೆ ಬ್ಯಾಟರಿ ಸೈಕಲ್ ತಗೊಂಡರೆ ಮೊದಲು ಬ್ಯಾಟರಿ ತೆಗೆದಿಡಿ. ಮೂರು ಕೆ.ಜಿ. ಆಸುಪಾಸು ಅಲ್ಲೇ ಇಳಿಯುತ್ತದೆ. ಮಕ್ಕಳನ್ನ ಕೂರಿಸುವ ಡಬ್ಬಿ ಸೈಕಲ್ ಬಾಕ್‌ಫೀಟ್ಸ್ ಮಾತ್ರ ಯಾವ ಮನೆ ಸ್ಟ್ಯಾಂಡ್‌ಗೂ ಏರುವುದಿಲ್ಲ.

ಹಿಡಿಯುವ ಜಾಗದ ವಿಷಯ ಸ್ವಲ್ಪ ಗಮನವಿಟ್ಟು ಕೇಳಿ. ಫ್ರೇಮ್ ಪೈಪನ್ನ ಕಚ್ಚಿಸಬೇಡಿ. ಬಣ್ಣ ಹೋಗುತ್ತದೆ, ವೈರ್ ಜಜ್ಜುತ್ತದೆ, ತೆಳು ಪೈಪಾದರೆ ಸೊಟ್ಟಗಾಗುತ್ತದೆ. ಕಚ್ಚಿಸಬೇಕಾದ್ದು ಸೀಟಿನ ಕೆಳಗಿನ ಕಂಬವನ್ನ. ಅದು ಸಾಧಾರಣವಾಗಿ 25ರಿಂದ 32 ಮಿಲಿಮೀಟರ್ ದಪ್ಪ, ಎಲ್ಲ ಹಿಡಿಕೆಗೂ ಒಗ್ಗುತ್ತದೆ. ತೊಂದರೆ ಏನೆಂದರೆ, ನಮ್ಮ ಎತ್ತರಕ್ಕೆ ಸೀಟು ಇಳಿಸಿಕೊಂಡಿರುತ್ತೇವೆ. ಕೆಳಗೆ ಕ್ಯಾರಿಯರ್, ಮೇಲೆ ಸೀಟಿನ ಸ್ಪ್ರಿಂಗ್, ನಡುವೆ ನಾಲ್ಕು ಬೆರಳಿನ ಜಾಗವೂ ಇರುವುದಿಲ್ಲ. ಆಗ ಈಗಿನ ಎತ್ತರಕ್ಕೆ ಕಂಬದ ಸುತ್ತ ಒಂದು ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ನಂತರ ಬೋಲ್ಟ್ ಸಡಿಲಿಸಿ ಸೀಟನ್ನ ಮೇಲೆತ್ತಿ, ಮತ್ತೆ ಬಿಗಿ ಮಾಡಿ. ಕಂಬದ ಮೇಲೆ ಇಷ್ಟಕ್ಕಿಂತ ಎಳೆಯಬೇಡಿ ಅನ್ನುವ ಗೆರೆ ಕೊರೆದಿರುತ್ತದೆ, ಅದು ಹೊರಗೆ ಕಾಣಬಾರದು. ಕೆಲಸ ಮುಗಿದ ಮೇಲೆ ಟೇಪ್ ತನಕ ಇಳಿಸಿದರೆ ಸೀಟು ಮೊದಲಿದ್ದಲ್ಲಿಗೇ ಬರುತ್ತದೆ. ಇಲ್ಲದಿದ್ದರೆ ಮರುದಿನ ಮನೆಯವರ ಕಾಲು ನೆಲಕ್ಕೆ ಎಟುಕದೆ ನಿಮಗೆ ಮಂಗಳಾರತಿ.

20 ಕೆ.ಜಿ. ಸೈಕಲ್ ಅನ್ನು ಎದೆಮಟ್ಟಕ್ಕೆ ಎತ್ತುವುದೂ ಬೇಡ. ಸ್ಟ್ಯಾಂಡನ್ನ ಆದಷ್ಟು ಗಿಡ್ಡ ಮಾಡಿಟ್ಟುಕೊಳ್ಳಿ. ಚಕ್ರ ನೆಲದಿಂದ ಒಂದು ಗೇಣು ಎದ್ದರೆ ಎಲ್ಲ ಕೆಲಸವೂ ಆಗುತ್ತದೆ. ಬೆನ್ನೂ ಉಳಿಯುತ್ತದೆ, ಸ್ಟ್ಯಾಂಡೂ ಅಲ್ಲಾಡುವುದಿಲ್ಲ. ಸ್ಟ್ಯಾಂಡಿನ ಒಂದು ಕಾಲು ಹಿಡಿಕೆಯ ನೇರಕ್ಕೆ, ಅಂದರೆ ಸೈಕಲ್ ಇರುವ ಕಡೆಗೇ ಚಾಚಿರಬೇಕು. ಆ ಕಡೆ ಕಾಲಿಲ್ಲದಿದ್ದರೆ ಇಡೀ ಸ್ಟ್ಯಾಂಡ್ ಸೈಕಲ್ ಸಮೇತ ಅಡ್ಡ ಬೀಳುತ್ತದೆ. ಹ್ಯಾಂಡಲ್ ಅತ್ತಿತ್ತ ಹೊರಳದ ಹಾಗೆ ಒಂದು ಪಟ್ಟಿಯಲ್ಲಿ ಫ್ರೇಮ್‌ಗೆ ಕಟ್ಟಿಬಿಡಿ.

ನನ್ನನ್ನು ಕೇಳಿದರೆ, 35 ಯೂರೋದ ಹೊಸದಕ್ಕಿಂತ ಅದೇ ದುಡ್ಡಿಗೆ ಸಿಗುವ ಗಟ್ಟಿಮುಟ್ಟಾದ ಹಳೇದು ಮೇಲು. ಜನರಿಗಿಂತ ಸೈಕಲ್ ಜಾಸ್ತಿ ಇರುವ ದೇಶ ಇದು, ಎರಡು ಕೋಟಿಗೂ ಮಿಕ್ಕಿ ಸೈಕಲ್ ಇವೆ. ಉತ್ಸಾಹದಲ್ಲಿ ಸ್ಟ್ಯಾಂಡ್ ತಗೊಂಡು ಮೂಲೆಗಿಟ್ಟವರಿಗೆ ಬರವಿಲ್ಲ. ಹಳೇ ಸಾಮಾನು ಮಾರುವ ವೆಬ್‌ಸೈಟ್ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಹುಡುಕುವಾಗ ಬರೀ ‘ಸ್ಟಾಂಡಾರ್ಡ್’ (standaard) ಅಂತ ಹಾಕಿದರೆ ಸೈಡ್ ಸ್ಟ್ಯಾಂಡ್‌ಗಳೇ ಬರುತ್ತವೆ, ‘ಮೊಂಟಾಜೆಸ್ಟಾಂಡಾರ್ಡ್’ (montagestandaard) ಅಂತ ಹಾಕಿ. ಕ್ರಿಂಗ್ಲೋಪ್ ಅನ್ನುವ ಹಳೇ ಸಾಮಾನಿನ ಅಂಗಡಿಗಳಲ್ಲೂ ಒಮ್ಮೊಮ್ಮೆ ಸಿಗುತ್ತದೆ.

ನೋಡಲು ಹೋದಾಗ ಹಿಡಿಕೆಯ ದವಡೆ ಬಿಚ್ಚಿ ರಬ್ಬರ್ ನೋಡಿ. ರಬ್ಬರ್ ಎಣ್ಣೆ ಕುಡಿದು ನುಣುಪಾಗಿದ್ದರೆ ಸೈಕಲ್ ಜಾರುತ್ತದೆ. ರಬ್ಬರನ್ನ ಹಳೇ ಟ್ಯೂಬ್ ಕತ್ತರಿಸಿ ಸುತ್ತಿ ಸರಿ ಮಾಡಬಹುದು, ಅದಕ್ಕೆ ಹೆದರಬೇಡಿ. ಆದರೆ ಕಂಬಕ್ಕೆ ಹಿಡಿಕೆ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಇದ್ದು, ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟು ಬನ್ನಿ. ಭಾರವೆಲ್ಲ ಕೂರುವುದು ಅಲ್ಲೇ. ಕಬ್ಬಿಣದ್ದೋ ಅಲ್ಯೂಮಿನಿಯಂದೋ ಆಗಿದ್ದರೆ ಒಳ್ಳೇದು. ನಿಮ್ಮ ಸೈಕಲ್‌ನಲ್ಲೇ ಹೋಗಿ, ಅಲ್ಲೇ ಏರಿಸಿ ನೋಡಿ. ಡಚ್ಚರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೂ ಹಾಗೇ ಮಾಡುವವರು. ಹೊಸದನ್ನ ಆನ್‌ಲೈನ್‌ನಲ್ಲಿ ತರಿಸಿದರೆ 14 ದಿನದೊಳಗೆ ವಾಪಸ್ ಕೊಡುವ ಹಕ್ಕು ಯುರೋಪಿನ ಕಾನೂನಲ್ಲೇ ಇದೆ. ಬಂದ ದಿನವೇ ನಿಮ್ಮ ಅತಿ ಭಾರದ ಸೈಕಲ್ ಏರಿಸಿ ನೋಡಿ. ಪೆಟ್ಟಿಗೆ ಎಸೆಯಬೇಡಿ.

ಮಡಚಿದಾಗ ಎಷ್ಟು ಜಾಗ ಹಿಡಿಯುತ್ತೆ ಅನ್ನುವುದನ್ನೂ ಅಳೆದುಕೊಳ್ಳಿ. ಅಪಾರ್ಟ್‌ಮೆಂಟ್‌ನ ಬೆರ್ಗಿಂಗ್, ಅದೇ ಕೆಳಗಿನ ಸಾಮಾನು ಕೋಣೆ, ಎಷ್ಟು ದೊಡ್ಡದಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಮೂರು ಸೈಕಲ್ ನಿಂತ ಮೇಲೆ ನೀವು ನಿಲ್ಲಲು ಜಾಗ ಇರುವುದಿಲ್ಲ. ಮುಂದೆ ಹಿತ್ತಲಲ್ಲಿ ಮರದ ಶೆಡ್ ಇರುವ ಮನೆಗೆ ಹೋದರೆ ಇದ್ಯಾವುದೂ ಬೇಡ. ತೊಲೆಗೆ ಎರಡು ದಪ್ಪ ಕೊಕ್ಕೆ ತಿರುಪಿ, ಹಗ್ಗ ಇಳಿಬಿಟ್ಟು, ಒಂದನ್ನ ಸೀಟಿಗೆ, ಇನ್ನೊಂದನ್ನ ಹ್ಯಾಂಡಲ್‌ಗೆ ಹಾಕಿದರೆ ಹತ್ತು ಯೂರೋ ಒಳಗೆ ಕೆಲಸ ಮುಗಿಯಿತು. ತೊಲೆ ಗಟ್ಟಿ ಇದೆಯಾ ಅಂತ ಮೊದಲು ಜೋತುಬಿದ್ದು ನೋಡಿ, ಅಷ್ಟೇ.

ಇನ್ನೂ ಒಂದು ದಾರಿ ಇದೆ. ನಿಮ್ಮ ಬೀದಿಯಲ್ಲೇ ನಾಲ್ಕು ಕನ್ನಡದ ಮನೆ ಇವೆ ಅಂದಿರಿ. ಎಲ್ಲ ಸೇರಿ ಒಂದು ಒಳ್ಳೇ ಸ್ಟ್ಯಾಂಡ್ ತಗೊಳ್ಳಿ. ವರ್ಷಕ್ಕೆ ಮೂರು ನಾಲ್ಕು ಸಲ ಬೇಕಾಗುವ ಸಾಮಾನು ಅದು. ನಮ್ಮ ಕಡೆ ಆಯುಧಪೂಜೆಗೆ ಎಲ್ಲರ ಸೈಕಲ್‌ಗಳನ್ನೂ ಒಟ್ಟಿಗೆ ತೊಳೆದು, ಚೈನ್‌ಗೆ ಎಣ್ಣೆ ಬಿಟ್ಟು, ಬ್ರೇಕ್ ಸರಿ ಮಾಡಿ, ಆಮೇಲೆ ಕುಂಕುಮ ಇಡುತ್ತೇವೆ. ಹಬ್ಬ ಬರುವ ಹೊತ್ತಿಗೆ ಸರಿಯಾಗಿ ಇಲ್ಲಿ ಕತ್ತಲೆ, ಮಳೆ ಶುರುವಾಗಿರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಚೈನ್ ತುಕ್ಕು ಹಿಡಿಯುವುದು ಅದರಿಂದಲೇ. ಲೈಟನ್ನೂ ಅದೇ ದಿನ ನೋಡಿಬಿಡಿ. ಮುಂದೆ ಬಿಳಿ, ಹಿಂದೆ ಕೆಂಪು ಇಲ್ಲದೆ ಕತ್ತಲಲ್ಲಿ ಹೋದರೆ ಪೊಲೀಸರು ದಂಡ ಹಾಕುತ್ತಾರೆ.

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಅಂತ ಮಾತ್ರ ಹೊರಡಬೇಡಿ. ಹಿಂದಿನ ಚಕ್ರದ ನಡುವಿನ ಗುಂಬದೊಳಗೇ (ಹಬ್) ಕೂತಿರುವ ಶಿಮಾನೋ ನೆಕ್ಸಸ್ ಗೇರಿನ ಸೈಕಲ್ ಇದ್ದು, ನಿಮ್ಮೂರಿನ ಸೈಕಲ್ ಸೇತುವೆ ಹೋವನ್‌ರಿಂಗ್‌ನ ಏರಿನಲ್ಲಿ ಪೆಡಲ್ ಜಾರಿ ಖಾಲಿ ತಿರುಗಿತು ಅಂದುಕೊಳ್ಳಿ. 7 ಅಥವಾ 8 ಗೇರಿನದ್ದಾದರೆ 4ನೇ ಗೇರಿಗೆ ಹಾಕಿ, ಹಿಂದಿನ ಗುಂಬದ ಹತ್ತಿರದ ಎರಡು ಗುರುತುಗೆರೆ ಒಂದೇ ಸಾಲಿಗೆ ಬರುವ ತನಕ ವೈರಿನ ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಅದಕ್ಕೆ ಸ್ಟ್ಯಾಂಡ್ ಕೂಡ ಬೇಡ. ಆದರೆ ಚೈನ್ ಪೂರ್ತಿ ಮುಚ್ಚಿದ, ಹಿಂದಕ್ಕೆ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುವ ಸೈಕಲ್‌ನ ಹಿಂದಿನ ಟೈರ್ ಬದಲಾಯಿಸುವುದು ಬೇರೆಯೇ ಕಥೆ. ಚೈನ್ ಕವರ್, ಬ್ರೇಕಿನ ತೋಳು, ಗೇರ್ ವೈರ್, ಮಡ್‌ಗಾರ್ಡ್ ಕಡ್ಡಿ, ಒಂದಾದ ಮೇಲೊಂದು ಬಿಚ್ಚಬೇಕು. ಮೊದಲ ಸಲ ಅದನ್ನ ಅಂಗಡಿಗೇ ಕೊಡಿ, ಬಿಡುವಿದ್ದರೆ ನಿಂತು ನೋಡಿ.

ಸದ್ಯಕ್ಕೆ 15 ನಂಬರಿನ ಸ್ಪ್ಯಾನರ್, ಅಲೆನ್ ಕೀ ಸೆಟ್, ಟೈರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ ಮೂರು, ಪಂಚರ್ ಡಬ್ಬಿ ತಂದಿಟ್ಟುಕೊಳ್ಳಿ. ಸ್ಟ್ಯಾಂಡ್‌ಗೆ ದುಡ್ಡು ಹಾಕುವ ಮುಂಚೆ ಎರಡೂ ಸೈಕಲ್‌ಗಳ ಫೋಟೋ ಕಳಿಸಿ. ಸೀಟಿನ ಕೆಳಗಿನ ಕಂಬ, ಹಿಂದಿನ ಚಕ್ರದ ಬಲಗಡೆ, ಎರಡೂ ಚೆನ್ನಾಗಿ ಕಾಣಬೇಕು. ಕೊಕ್ಕೆ ಸ್ಟ್ಯಾಂಡ್ ಸಾಕಾ, ದೊಡ್ಡದೇ ಬೇಕಾ ಅಂತ ನೋಡಿ ಹೇಳುತ್ತೇನೆ.