ಪಂಪ್‌ಹೌಸಿನ ಪೈ ರಾತ್ರಿ ಆಫ್ ಆಗುವುದು: ಬ್ಯಾಟರಿ ಕೊಳ್ಳುವ ಮೊದಲು ಅಳೆದು ನೋಡಿ

ನಮಸ್ಕಾರ ಸರ್. ನಿಮ್ಮ ಪ್ರಶ್ನೆಯನ್ನು ನಿನ್ನೆಯೇ ನೋಡಿದ್ದೆ, ತೋಟದ ಕೆಲಸದ ನಡುವೆ ಬರೆಯಲು ಆಗಲಿಲ್ಲ. ಈಗಷ್ಟೇ ಓದುತ್ತಿರುವವರಿಗೆ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ನೋಡಲು ಪಂಪ್‌ಹೌಸಿನಲ್ಲಿ ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್ ಬೋರ್ಡ್), ಅದಕ್ಕೆ ಯುಎಸ್‌ಬಿ ಕ್ಯಾಮೆರಾ, ಇಂಟರ್ನೆಟ್ಟಿಗೆ ಒಂದು 4ಜಿ ಡಾಂಗಲ್. 40 ವ್ಯಾಟ್ ಪ್ಯಾನೆಲ್, 12 ವೋಲ್ಟ್ 7 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿ, ನಡುವೆ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್. ರಾತ್ರಿ ಎರಡರ ಹೊತ್ತಿಗೆ ಎಲ್ಲ ಆಫ್. ಮಧ್ಯಾಹ್ನ ಡಬ್ಬಿ ಕೈ ಇಡಲಾಗದಷ್ಟು ಬಿಸಿ, ವಿಡಿಯೊ ನಿಂತು ನಿಂತು ಬರುತ್ತದೆ. ಮೇಲೆ ಒಬ್ಬರು ದೊಡ್ಡ ಬ್ಯಾಟರಿ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಫ್ಯಾನ್ ಹಾಕಿ ಅಂದಿದ್ದಾರೆ.

ಸದ್ಯಕ್ಕೆ ಎರಡನ್ನೂ ಮಾಡಬೇಡಿ. ಸುಮ್ನೆ ದುಡ್ಡು ದಂಡ. ಯಾಕೆ ಅಂತ ಲೆಕ್ಕ ಹಾಕೋಣ.

ಪೈ 4 ಸುಮ್ಮನೆ ಕೂತಾಗ ನನ್ನ ಮೀಟರಿನಲ್ಲಿ 0.55 ಆಂಪ್ ತೋರಿಸುತ್ತದೆ, ಅಂದರೆ 2.8 ವ್ಯಾಟ್. ನಾಲ್ಕೂ ಕೋರ್‌ಗಳಿಗೆ ಕೆಲಸ ಕೊಟ್ಟರೆ 6 ವ್ಯಾಟ್ ದಾಟುತ್ತದೆ. ನಿಮ್ಮದರಲ್ಲಿ ಕ್ಯಾಮೆರಾ, ಡಾಂಗಲ್ ಸೇರಿ ಸರಾಸರಿ 5.5 ವ್ಯಾಟ್ ಅಂತ ಹಿಡಿಯೋಣ. ಇದು 5 ವೋಲ್ಟ್ ಕಡೆಯ ಲೆಕ್ಕ. ಎಲ್‌ಎಂ2596 ಅನ್ನುವ ಚಿಪ್ ಇರುವ ನೀಲಿ ಬಣ್ಣದ ಅಗ್ಗದ ಬಕ್ ಬೋರ್ಡ್ ಸುಮಾರು ನೂರಕ್ಕೆ ಎಂಬತ್ತನ್ನು ಮಾತ್ರ ದಾಟಿಸುತ್ತದೆ, ಉಳಿದದ್ದು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಬ್ಯಾಟರಿಯಿಂದ ಹೊರಡುವುದು ಹತ್ತಿರ ಹತ್ತಿರ 7 ವ್ಯಾಟ್.

ಸಂಜೆ 6ರಿಂದ ಬೆಳಿಗ್ಗೆ 7ರ ತನಕ 13 ಗಂಟೆ. 13 ಗುಣಿಸು 7, ಅಂದರೆ 91 ವ್ಯಾಟ್-ಅವರ್. ನಿಮ್ಮ ಬ್ಯಾಟರಿಯ ಹೊಟ್ಟೆಯಲ್ಲಿ ಇರುವುದೇ 12 ಗುಣಿಸು 7, ಅಂದರೆ 84. ಅದೂ ಹೊಸದಾಗಿದ್ದಾಗ. ರಾತ್ರಿ ಎರಡಕ್ಕೆ 56 ಖರ್ಚಾಗಿರುತ್ತದೆ. ವರ್ಷ ಬಳಸಿದ ಬ್ಯಾಟರಿ ಅಷ್ಟು ಕೊಟ್ಟಿದ್ದೇ ದೊಡ್ಡದು, ಅದನ್ನು ಬೈಯಬೇಡಿ. ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ.

ಹಾಗಾದರೆ ದೊಡ್ಡ ಬ್ಯಾಟರಿ ಯಾಕೆ ಬೇಡ? ಪ್ಯಾನೆಲ್ ಕಡೆ ನೋಡಿ. 40 ವ್ಯಾಟ್ ಅನ್ನುವುದು 18 ವೋಲ್ಟ್ ಹತ್ತಿರ, ಒಳ್ಳೆ ಬಿಸಿಲಿನಲ್ಲಿ. ಅಂದರೆ 2.2 ಆಂಪ್. ಸಾದಾ ಪಿಡಬ್ಲ್ಯೂಎಂ ಚಾರ್ಜ್ ಕಂಟ್ರೋಲರ್ ಆದರೆ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ತರುತ್ತದೆ. ಬ್ಯಾಟರಿಯ 13 ವೋಲ್ಟ್ ಗುಣಿಸು 2.2 ಆಂಪ್, ಸಿಗುವುದು 29 ವ್ಯಾಟ್. ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ಣ ಬಿಸಿಲು ಅಂತ ಉದಾರವಾಗಿ ಹಿಡಿದರೂ 130 ವ್ಯಾಟ್-ಅವರ್. ನಿಮ್ಮ ಖರ್ಚು 24 ಗಂಟೆಗೆ 168. ಒರತೆಯೇ ಸಾಲದ ಬಾವಿ ಪಕ್ಕ ದೊಡ್ಡ ತೊಟ್ಟಿ ಕಟ್ಟಿಸಿ ಏನು ಮಾಡುತ್ತೀರಿ? ಮೊದಲ ವಾರ ಚೆನ್ನಾಗಿ ಓಡುತ್ತದೆ, ಆಮೇಲೆ ಅದೇ ಕಥೆ. ಅಡಿಕೆ ಮರದ ನೆರಳನ್ನು ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಇದೆಲ್ಲ ನನ್ನ ಅಂದಾಜು. ನಿಮ್ಮದು ಅಳೆದರೇ ಗೊತ್ತಾಗುವುದು. ಅಳೆಯುವುದರಲ್ಲೂ ಎಡವುವ ಜಾಗಗಳಿವೆ.

ಮನೆಯ 230 ವೋಲ್ಟ್ ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರನ್ನು ಇದಕ್ಕೆ ನಂಬಬೇಡಿ. ಅದು ಮಿಕ್ಸಿ, ಫ್ರಿಜ್ ಅಳೆಯಲು ಸರಿ. ಮೂರು ವ್ಯಾಟಿನ ಹತ್ತಿರ ಅದರ ಮಾತಿಗೆ ಬೆಲೆಯಿಲ್ಲ, ಜೊತೆಗೆ ಅಡಾಪ್ಟರಿನ ನಷ್ಟವನ್ನೂ ಸೇರಿಸಿ ಹೇಳುತ್ತದೆ. ಮಲ್ಟಿಮೀಟರನ್ನು ಮಿಲಿಆಂಪ್ ರೇಂಜಿನಲ್ಲಿ ಸಾಲಾಗಿ ಸೇರಿಸಿ ಅಳೆಯಲು ಹೋದರೆ ಒಂದೋ ಫ್ಯೂಸ್ ಹೋಗುತ್ತದೆ, ಇಲ್ಲಾ ಮೀಟರೇ ವೋಲ್ಟೇಜ್ ನುಂಗಿ ಪೈ ಮತ್ತೆ ಮತ್ತೆ ರೀಬೂಟ್ ಆಗುತ್ತದೆ. 10 ಆಂಪ್ ತೂತನ್ನೇ ಬಳಸಿ.

ಯುಎಸ್‌ಬಿ ಮೀಟರ್ ಒಳ್ಳೆಯದು, ಅಗ್ಗ. ಆದರೆ ಅದು ಆ ಕ್ಷಣದ ಲೆಕ್ಕ ತೋರಿಸುತ್ತದೆ, ಡಾಂಗಲ್ ಒಂದೊಂದು ಕ್ಷಣಕ್ಕೆ ಒಂದೊಂದು ಥರ. ಸಿಗ್ನಲ್ ಕಡಿಮೆ ಇರುವ ಕಡೆ ಅದು ಟವರ್ ಹಿಡಿಯಲು ಜಾಸ್ತಿ ಒದ್ದಾಡುತ್ತದೆ, ಕರೆಂಟೂ ಜಾಸ್ತಿ ತಿನ್ನುತ್ತದೆ. ಮೀಟರಿನಲ್ಲಿ ಕೂಡುತ್ತಾ ಹೋಗುವ ವ್ಯಾಟ್-ಅವರ್ ಎಣಿಕೆ ಇದ್ದರೆ ಅದನ್ನು ಸೊನ್ನೆ ಮಾಡಿ 24 ಗಂಟೆ ಬಿಡಿ. ಮಿಲಿಆಂಪ್-ಅವರ್ ಎಣಿಕೆ ನೋಡಬೇಡಿ. 5 ವೋಲ್ಟಿನ ಮಿಲಿಆಂಪ್-ಅವರನ್ನು 12 ವೋಲ್ಟಿನ ಬ್ಯಾಟರಿಗೆ ಹೋಲಿಸಿ ಮೋಸ ಹೋದವರು ಈ ಗುಂಪಿನಲ್ಲೇ ಎಷ್ಟೋ ಜನ ಇದ್ದಾರೆ, ನಾನೂ ಸೇರಿ.

ನನಗೆ ಇಷ್ಟವಾದದ್ದು ಐಎನ್‌ಎ219 ಅನ್ನುವ, ವೋಲ್ಟೇಜ್ ಮತ್ತು ಕರೆಂಟ್ ಅಳೆಯುವ ಪುಟ್ಟ ಬೋರ್ಡ್. ಅದರ ಮೇಲೆ 0.1 ಓಮ್ ರೆಸಿಸ್ಟರ್ ಇರುತ್ತದೆ, 26 ವೋಲ್ಟ್ ತನಕ, 3.2 ಆಂಪ್ ತನಕ ಅಳೆಯುತ್ತದೆ. ಬ್ಯಾಟರಿ ಪ್ಲಸ್ಸಿನಿಂದ ಬಕ್ ಕನ್ವರ್ಟರಿಗೆ ಹೋಗುವ ತಂತಿಯನ್ನು ಕತ್ತರಿಸಿ ನಡುವೆ ಸೇರಿಸಿ. 'ವಿನ್ ಪ್ಲಸ್' ಬ್ಯಾಟರಿ ಕಡೆ, 'ವಿನ್ ಮೈನಸ್' ಕನ್ವರ್ಟರ್ ಕಡೆ. ಇನ್ನು ನಾಲ್ಕು ತಂತಿ ಪೈಗೆ: 1ನೇ ಪಿನ್ 3.3 ವೋಲ್ಟ್, 3 ಮತ್ತು 5 ಐ2ಸಿ (ಅಳತೆಯನ್ನು ಪೈಗೆ ತಲುಪಿಸುವ ಸಾಲು), 9 ಗ್ರೌಂಡ್. ಹತ್ತು ಹತ್ತು ಸೆಕೆಂಡಿಗೆ ಓದಿ ಫೈಲಿಗೆ ಬರೆಯುವ ಹತ್ತು ಸಾಲಿನ ಪೈಥಾನ್ ಸಾಕು, ಬೇಕಿದ್ದರೆ ಕಳಿಸುತ್ತೇನೆ. ಹೀಗೆ ಅಳೆದರೆ ಕನ್ವರ್ಟರಿನ ನಷ್ಟವೂ ಲೆಕ್ಕಕ್ಕೆ ಬರುತ್ತದೆ, ಬ್ಯಾಟರಿಗೆ ಬೇಕಾದದ್ದು ಅದೇ ತಾನೇ. ಒಂದು ದಿನದ ಸರಾಸರಿ ಬ್ಯಾಟರಿ ಲೆಕ್ಕಕ್ಕೆ, ಅತಿ ಹೆಚ್ಚು ಬಂದ ಸಂಖ್ಯೆ ತಂತಿಯ ಲೆಕ್ಕಕ್ಕೆ. ಎರಡನ್ನೂ ಬೇರೆ ಬೇರೆ ಬರೆದಿಡಿ.

ತಂತಿ ಅಂದೆನಲ್ಲ, ಅಲ್ಲೇ ನನಗೆ ಎರಡು ಮೆಮೊರಿ ಕಾರ್ಡ್ ಹೋದದ್ದು. ಹಾಳಾದಾಗೆಲ್ಲ ಕಾರ್ಡ್ ಡೂಪ್ಲಿಕೇಟ್ ಅಂತ ಬೈದುಕೊಂಡು ಹೊಸದು ತಂದೆ. ತಪ್ಪು ಹಳೆ ಫೋನಿನ ಚಾರ್ಜಿಂಗ್ ಕೇಬಲಿನದ್ದು. ಅದರೊಳಗೆ ಕೂದಲಿನಂಥ 28 ಗೇಜ್ ತಂತಿ. ಮೀಟರಿಗೆ 0.21 ಓಮ್, ಹೋಗಿ ಬರುವ ದಾರಿ ಸೇರಿ 0.42. ನಿಮ್ಮ 5.5 ವ್ಯಾಟಿಗೆ 1.1 ಆಂಪ್ ಹರಿದರೆ ಒಂದು ಮೀಟರ್ ಕೇಬಲಿನಲ್ಲೇ 0.46 ವೋಲ್ಟ್ ಹೋಯಿತು. ಕನ್ವರ್ಟರಿನಲ್ಲಿ 5.1 ಇಟ್ಟಿದ್ದರೆ ಪೈಗೆ ಮುಟ್ಟುವುದು 4.64. ಪೈ "ವೋಲ್ಟೇಜ್ ಸಾಲದು" ಅಂತ ಗೊಣಗಲು ಶುರು ಮಾಡುವುದು 4.63ರ ಹತ್ತಿರ! ಡಾಂಗಲ್ ಒಂದು ಸಲ ಜೋರಾಗಿ ಎಳೆದರೆ ಮುಗಿಯಿತು. ದಪ್ಪಗಿನ 20 ಗೇಜ್ ತಂತಿ, ಅರ್ಧ ಮೀಟರ್ ಉದ್ದ ಮಾಡಿದ ಮೇಲೆ ಕಾರ್ಡ್ ಒಂದೂ ಹೋಗಿಲ್ಲ.

ವೋಲ್ಟೇಜನ್ನು ಪೈ ಹತ್ತಿರವೇ, 4 ಮತ್ತು 6ನೇ ಪಿನ್ನಿನಲ್ಲಿ ನೋಡಿ. ಆದರೆ ಮೀಟರಿನ ಚೂಪು ಮೊನೆಯನ್ನು ನೇರ ಅಲ್ಲಿ ಇಡಬೇಡಿ. ನಾನು ಹಾಗೆ ಇಟ್ಟು, ಕೈ ಜಾರಿ 1ನೇ ಮತ್ತು 2ನೇ ಪಿನ್ ಒಟ್ಟಿಗೆ ಮುಟ್ಟಿ, 3.3 ವೋಲ್ಟಿನ ಸಾಲಿಗೆ 5 ವೋಲ್ಟ್ ಹೋಗಿ ಒಂದು ಬೋರ್ಡ್ ಅಲ್ಲೇ ಸತ್ತಿತು. ಹೊಗೆ ಇಲ್ಲ, ಸದ್ದಿಲ್ಲ. ಎರಡು ಜಂಪರ್ ವೈರ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಡಬ್ಬಿಯಿಂದ ಹೊರಗೆ ತಂದು ಅಳೆಯಿರಿ.

ಈಗ ಬಿಸಿಯ ವಿಷಯ. ಪೈ ತನ್ನ ಸ್ಥಿತಿ ಹೇಳುವ ವಿಸಿಜೆನ್‌ಸಿಎಂಡಿ ಕಮಾಂಡಿನಲ್ಲಿ 'ಗೆಟ್ ಥ್ರಾಟಲ್ಡ್' (vcgencmd get_throttled) ಅಂತ ಕೇಳಿ. ಸೊನ್ನೆ ಬಂದರೆ ಏನೂ ತೊಂದರೆಯಿಲ್ಲ. 50005 ಬಂದರೆ ಈಗಲೂ ವೋಲ್ಟೇಜ್ ಕಡಿಮೆ ಇದೆ, ವೇಗ ಇಳಿಸಿಕೊಂಡಿದೆ. 50000 ಬಂದರೆ ಈಗ ಸರಿಯಿದೆ, ಆನ್ ಆದ ಮೇಲೆ ಯಾವಾಗಲೋ ಆಗಿತ್ತು. 80008 ಬಂದರೆ ಅದು ಬಿಸಿಯ ದೂರು. ಮಧ್ಯಾಹ್ನ ವಿಡಿಯೊ ನಿಲ್ಲುವಾಗಲೇ ನೋಡಬೇಕು. ನಿಮ್ಮದರಲ್ಲಿ 50005 ಬಂದರೆ ನನಗೇನೂ ಆಶ್ಚರ್ಯ ಇಲ್ಲ. ಆಗ ಫ್ಯಾನ್ ಹಾಕಿದರೆ ಅದು ಇನ್ನಷ್ಟು ಕರೆಂಟ್ ಎಳೆದು ಕಾಯಿಲೆ ಜಾಸ್ತಿ ಮಾಡುತ್ತದೆ, ಅಷ್ಟೆ.

ಅದೇ ಕಮಾಂಡಿನಲ್ಲಿ ಚಿಪ್ಪಿನ ಬಿಸಿ ಕೇಳುವ 'ಮೆಷರ್ ಟೆಂಪ್' ಕೊಡುವ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಚಿಪ್ 79 ಡಿಗ್ರಿ ಅಂದರೆ ಜಾಸ್ತಿಯೋ ಕಡಿಮೆಯೋ? ಪೈ 4 ವೇಗ ಇಳಿಸಲು ಶುರು ಮಾಡುವುದು 80ಕ್ಕೆ, 85ಕ್ಕೆ ಪೂರ್ತಿ ಬ್ರೇಕ್. ನನಗೆ ಮೂರು ಸಂಖ್ಯೆ ಬೇಕು: ಚಿಪ್, ಡಬ್ಬಿಯೊಳಗಿನ ಗಾಳಿ, ಹೊರಗಿನ ನೆರಳು. ಕಳೆದ ಏಪ್ರಿಲಿನಲ್ಲಿ ನನ್ನಲ್ಲಿ ಬಂದದ್ದು 79, 51, 38. ಚಿಪ್ಪಿಗೂ ಗಾಳಿಗೂ 28 ಡಿಗ್ರಿ ಅಂತರ, ಅದಕ್ಕೆ ಹೀಟ್ ಸಿಂಕ್ (ಚಿಪ್ಪಿನ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು) ಮದ್ದು. ಡಬ್ಬಿಗೂ ಹೊರಗಿಗೂ 13 ಡಿಗ್ರಿ, ಅದಕ್ಕೆ ಹೀಟ್ ಸಿಂಕ್ ಹಾಕಿ ಏನೂ ಪ್ರಯೋಜನವಿಲ್ಲ, ಡಬ್ಬಿಯ ಜಾಗ ಬದಲಿಸಬೇಕು. ಮುಚ್ಚಿದ ಡಬ್ಬಿಯೊಳಗಿನ ಫ್ಯಾನ್ ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಾ ಇರುತ್ತದೆ.

ನನ್ನ ಡಬ್ಬಿ ತಗಡಿನ ಮಾಡಿಗೆ ಒಂದು ಗೇಣು ಕೆಳಗಿತ್ತು. ಎದೆಮಟ್ಟಕ್ಕೆ ಇಳಿಸಿ ಉತ್ತರದ ಗೋಡೆಗೆ ಹೊಡೆದೆ. ಮರದ ಎರಡು ಪಟ್ಟಿ ಕೊಟ್ಟು ಗೋಡೆಗೂ ಡಬ್ಬಿಗೂ ನಡುವೆ ಸಂದು ಬಿಟ್ಟೆ. ಒಳಗಿನ ಗಾಳಿ 44ಕ್ಕೆ ಬಂತು. ಖರ್ಚು ನಾಲ್ಕು ಸ್ಕ್ರೂ.

ಡಬ್ಬಿಯ ಗಾಳಿ ಅಳೆಯಲು ಡಿಎಸ್18ಬಿ20 ಸೆನ್ಸರ್ ಸಾಕು, ಅರ್ಧ ಡಿಗ್ರಿ ಆಚೀಚೆ ಹೇಳುತ್ತದೆ. ಆನ್ ಮಾಡಿದ ಕೂಡಲೇ 85 ತೋರಿಸಿದರೆ ಗಾಬರಿಯಾಗಬೇಡಿ, ಅದು ಅಳೆಯುವ ಮೊದಲು ಹೇಳುವ ಹುಟ್ಟು ಸಂಖ್ಯೆ. ಇನ್ನು ಜ್ವರ ನೋಡುವ ಗನ್ ಥರದ್ದನ್ನು ಚಿಪ್ಪಿಗೆ ಹಿಡಿಯುತ್ತಾರೆ ಕೆಲವರು. ಪೈ 4ರ ಚಿಪ್ಪಿನ ತಲೆ ಹೊಳೆಯುವ ಲೋಹ. ಹೊಳೆಯುವುದರ ಬಿಸಿಯನ್ನು ಆ ಗನ್ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ನಂಬಬಹುದು.

ಅಲ್ಯೂಮಿನಿಯಂ ಕೇಸ್ ಹಾಕುವುದಾದರೆ ಚಿಪ್ಪಿಗೂ ಕೇಸಿಗೂ ನಡುವೆ ಇಡುವ ಥರ್ಮಲ್ ಪ್ಯಾಡಿನ ಎರಡೂ ಕಡೆಯ ಪ್ಲಾಸ್ಟಿಕ್ ಸಿಪ್ಪೆ ತೆಗೆದಿದ್ದೀರಾ ನೋಡಿ. ನಾನು ಒಂದು ಕಡೆ ಮರೆತು, ಕೇಸ್ ಹಾಕಿದರೂ ಬಿಸಿ ಯಾಕೆ ಇಳಿಯಲಿಲ್ಲ ಅಂತ ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದೆ. ಬಿಚ್ಚಿದಾಗ ನೀಲಿ ಸಿಪ್ಪೆ ನಗುತ್ತಾ ಕೂತಿತ್ತು. ಪರೀಕ್ಷೆ ಮಾಡುವಾಗ ಸ್ಟ್ರೆಸ್-ಎನ್‌ಜಿ ಅನ್ನುವ ಪ್ರೋಗ್ರಾಂ ಹಾಕಿ ನಾಲ್ಕೂ ಕೋರ್ ಓಡಿಸಿ ಕನಿಷ್ಠ 20 ನಿಮಿಷ ಬಿಡಿ. ಎರಡು ನಿಮಿಷಕ್ಕೆ ಓದಿದರೆ ಲೋಹ ಇನ್ನೂ ಬಿಸಿ ಹೀರುತ್ತಾ ಇರುತ್ತದೆ, ಎಲ್ಲ ಕೇಸೂ ಒಳ್ಳೆಯದೇ ಅನ್ನಿಸುತ್ತದೆ.

ಪೈ 5 ಹಾಕಿದರೆ ಹೇಗೆ ಅಂತ ಕೆಳಗೆ ಕೇಳಿದವರಿಗೆ: ಸೋಲಾರಿಗೆ ಬೇಡ. ಅದರ ಅಡಾಪ್ಟರೇ 5.1 ವೋಲ್ಟ್ 5 ಆಂಪಿನದ್ದು. ಶಟ್‌ಡೌನ್ ಮಾಡಿದ ಮೇಲೂ, ಸೆಟ್ಟಿಂಗ್ ಬದಲಿಸದಿದ್ದರೆ, ಒಂದು ವ್ಯಾಟಿಗಿಂತ ಜಾಸ್ತಿ ತಿನ್ನುತ್ತಾ ಇರುತ್ತದೆ. ಒಂದು ಅನುಕೂಲ ಇದೆ, ಯಾವ ಸಾಲಿನಲ್ಲಿ ಎಷ್ಟು ಕರೆಂಟ್ ಅಂತ ಬೋರ್ಡೇ ಹೇಳುತ್ತದೆ, ಅದೇ ವಿಸಿಜೆನ್‌ಸಿಎಂಡಿಯಲ್ಲಿ 'ಪಿಎಂಐಸಿ ರೀಡ್ ಎಡಿಸಿ' ಅಂತ ಕೇಳಿದರೆ. ಆದರೆ ಯುಎಸ್‌ಬಿಗೆ ಹಾಕಿದ ಕ್ಯಾಮೆರಾ, ಡಾಂಗಲ್ ಅದರಲ್ಲಿ ಸೇರುವುದಿಲ್ಲ. ನಮಗೆ ಬೇಕಾದದ್ದೇ ಅದು.

ಸರ್, ನಿಮಗೆ ನಾನು ಹೇಳುವುದು ಖರ್ಚು ಇಳಿಸಿ ಅಂತ. ಮಂಗ ಬಂದಾಗ ಫೋಟೊ ಬಂದರೆ ಸಾಕು ತಾನೇ? ಇಡೀ ರಾತ್ರಿ ಕತ್ತಲೆಯ ವಿಡಿಯೊ ಯಾರು ನೋಡುತ್ತಾರೆ? ನಾನು ಪೈಯ ಚಿಕ್ಕ ತಮ್ಮ ಪೈ ಝೀರೊ 2 ಡಬ್ಲ್ಯೂ ಹಾಕಿದೆ, ಸುಮ್ಮನಿದ್ದಾಗ 0.6 ವ್ಯಾಟ್. ರಿಬ್ಬನ್ ಕ್ಯಾಮೆರಾ, ಅಲುಗಾಟ ಹಿಡಿಯುವ ಪಿಐಆರ್ ಸೆನ್ಸರ್. ಡಾಂಗಲಿಗೆ ಪೈಯೇ ಹಾಕಿ ತೆಗೆಯುವ ಒಂದು ಮಾಸ್‌ಫೆಟ್ ಸ್ವಿಚ್, ಫೋಟೊ ಕಳಿಸುವಾಗ ಮಾತ್ರ ಆನ್. ಬ್ಯಾಟರಿ ಕಡೆಯ ಸರಾಸರಿ 1.3 ವ್ಯಾಟ್, ದಿನಕ್ಕೆ 31 ವ್ಯಾಟ್-ಅವರ್. ನಿಮ್ಮದೇ 7 ಆಂಪ್-ಅವರ್ ಬ್ಯಾಟರಿ ಚೆನ್ನಾಗಿದ್ದರೆ ಅರ್ಧಕ್ಕೆ ಇಳಿಯುವ ಮೊದಲು ಒಂದು ದಿನ ಪೂರ್ತಿ ಮೋಡವನ್ನು ತಡೆಯುತ್ತದೆ. ಬಿಸಿಯೂ ತಾನಾಗಿ ಇಳಿಯುತ್ತದೆ, ತಿಂದ ವ್ಯಾಟೆಲ್ಲ ಡಬ್ಬಿಯೊಳಗೆ ಬಿಸಿಯೇ ಆಗುವುದಲ್ವಾ. ಬರೀ ಮೋಟಾರ್ ಆನ್ ಆಫ್ ಮತ್ತು ಮಣ್ಣಿನ ತೇವ ಆಗಿದ್ದರೆ ಪೈ ಕೂಡ ಬೇಡ, ಇಎಸ್‌ಪಿ32 ಅನ್ನುವ ಇನ್ನೂ ಸರಳವಾದ ಪುಟ್ಟ ಬೋರ್ಡ್ ಸಾಕು ಅನ್ನುತ್ತಿದ್ದೆ.

ಒಂದು ದಿನ ಅಳೆದು ಇಲ್ಲಿ ಹಾಕಿ: 24 ಗಂಟೆಯ ಸರಾಸರಿ ವ್ಯಾಟ್, ಪಿನ್ನಿನಲ್ಲಿ ಸಿಕ್ಕ ಅತಿ ಕಡಿಮೆ ವೋಲ್ಟ್, ಮಧ್ಯಾಹ್ನದ ಮೂರು ಟೆಂಪರೇಚರ್, ಆ ಥ್ರಾಟಲ್ಡ್ ಸಂಖ್ಯೆ. ಪ್ಯಾನೆಲ್ ಮೇಲೆ ನೆರಳು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ ಅಂತಲೂ ಬರೆಯಿರಿ. ಡಬ್ಬಿ ಬಿಚ್ಚುವಾಗ ಮೊದಲು ಮೆಲ್ಲಗೆ ತಟ್ಟಿ, ನನ್ನದರಲ್ಲಿ ಎರಡು ಸಲ ಹಲ್ಲಿ, ಒಂದು ಸಲ ಕೆಂಪಿರುವೆ ಗೂಡು ಸಿಕ್ಕಿತ್ತು.